ಕೂಸು ಹಿಡಿಯಲು ಕಲಿತ ತಾಯಿ

ಪೂಜ್ಯ ಗುರುಸಿದ್ಧಮ್ಮ ತಾಯಿಯವರಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಮಹಾತ್ಮರ ಪ್ರಸಂಗವನ್ನು ಹೀಗೆ ಆರಂಭಿಸುವುದುಂಟೇ ಎಂದು ಭಕ್ತರು ಮೂಗು ಮುರಿಯಬಾರದು. ಈ ಸಂಗತಿಯನ್ನು ತಾಯಿಯವರೇ ನಗುನಗುತ್ತ ಹೇಳಿಕೊಳ್ಳುತ್ತಿದ್ದರು. ಅವರು ಮುಚ್ಚಿಡದ್ದನ್ನು ನಾನು ಮುಚ್ಚಿಟ್ಟು ಅವರ ಹಿರಿಮೆಯನ್ನು ಕಾಯಬೇಕಾಗಿಲ್ಲ.

ತಾಯಿಯವರು ಇನ್ನೂ ಪುಟ್ಟ ಬಾಲೆಯಾಗಿದ್ದಾಗಲೇ ತಂದೆತಾಯಿಗಳನ್ನು ಕಳೆದುಕೊಂಡು ಕೆಂಚನಗುಡ್ಡದ ಮಠವನ್ನು ಸೇರಿದವರು. ಮಠವೆಂದರೆ ಮಣ್ಣಿನ ಮಾಳಿಗೆಯ ಒಂದು ಚಿಕ್ಕ ಮನೆ, ಎದುರಿಗೆ ಒಂದು ಬೇವಿನ ಮರ, ಅದರ ಸುತ್ತ ಕಲ್ಲಿನ ಕಟ್ಟೆ. ಅಲ್ಲಿದ್ದವರು ವೃದ್ಧ ಗುರುಗಳೊಬ್ಬರೇ. ಮನೆಗಳಲ್ಲಿ ಹೆಣ್ಣುಮಕ್ಕಳು ಅವ್ವನ ಮಗ್ಗುಲಲ್ಲಿ ಕುಳಿತು ಏನೇನು ಕಲಿಯುತ್ತಾರೋ ಅದರಲ್ಲಿ ಯಾವುದನ್ನೂ ತಾಯಿಯವರು ಕಲಿಯಲಿಲ್ಲ, ಕಲಿಸುವವರೇ ಇರಲಿಲ್ಲ. ಗುರುಗಳೇ ರೊಟ್ಟಿ ಬಡಿದು, ಪುಂಡಿಪಲ್ಯ ಬೇಯಿಸಿ ಬಡಿಸುತ್ತಿದ್ದರು. ಇವರು ಪಕ್ಕದಲ್ಲಿ ಕುಳಿತು ವಚನಗಳನ್ನು ಓದಿ ಹೇಳುತ್ತಿದ್ದರು. ಗುರುಗಳು ಲಿಂಗೈಕ್ಯರಾದ ಮೇಲೆ ತಾಯಿಯವರು ಕೆಲವು ಕಾಲ ಹರಿದ ರೊಟ್ಟಿ, ಕರಿದಾದ ರೊಟ್ಟಿಗಳನ್ನೇ ಪ್ರಸಾದವೆಂದು ಸ್ವೀಕರಿಸುತ್ತಿದ್ದರು. ಕೆಳಗಿನ ಊರಿನ ಕಾಶವ್ವ ಎಂಬ ವಿಧವೆ ಒಂದು ದಿನ ಅದನ್ನು ಕಂಡು, "ಶಿವನೇ, ಇದನ್ನ ಉಂಡರ ತಪಸ್ಸು ಹ್ಯಾಂಗ ನಡೀತೈತ್ರಿ ಅವ್ವಾರ" ಎಂದು ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ಕುಳಿತಳು. ಕುಳಿತವಳು ಅಲ್ಲಿಯೇ ಮುದುಕಿಯಾದಳು. ಈ ಪ್ರಸಂಗವನ್ನು ನನಗೆ ಹೇಳಿದವಳು ಆಕೆಯೇ. ಕಾಶವ್ವನಿಗೆ ಮಾತು ತುಸು ಹೆಚ್ಚು, ಆದರೆ ಸುಳ್ಳು ಗೊತ್ತಿಲ್ಲ.

ಇನ್ನೊಂದು ಸಂಗತಿಯನ್ನೂ ಮೊದಲೇ ಹೇಳಿಬಿಡಬೇಕು. ಸುತ್ತಲಿನ ಊರಿನ ಬಾಣಂತಿಯರು ಕೂಸುಗಳನ್ನು ತಂದು ತಾಯಿಯವರ ಪಾದದ ಬಳಿ ಮಲಗಿಸುತ್ತಿದ್ದರು. ತಾಯಿಯವರು ಬಾಗಿ ಹಣೆಗೆ ವಿಭೂತಿ ಹಚ್ಚುತ್ತಿದ್ದರೇ ಹೊರತು ಒಂದು ಕೂಸನ್ನೂ ಎತ್ತಿಕೊಳ್ಳುತ್ತಿರಲಿಲ್ಲ. ಸಂಸಾರದ ವಾಸನೆಯೂ ತಾಗದ ವೈರಾಗ್ಯವೆಂದರೆ ಇದು ಎಂದು ಭಕ್ತರು ಕೈಮುಗಿಯುತ್ತಿದ್ದರು.

ಅದು ದೀಪಾವಳಿ ಕಳೆದ ಹೊಸತು. ಬೆಳಗಿನ ಪೂಜೆ ಮುಗಿಸಿ ತಾಯಿಯವರು ಬೇವಿನ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದರು. ಅವರು ಹಸನು ಮಾಡಿದ ಜೋಳವನ್ನು ಕಾಶವ್ವ ಒಳಗೆ ಒಯ್ದು ಸದ್ದಿಲ್ಲದೆ ಮತ್ತೊಮ್ಮೆ ಹಸನು ಮಾಡುತ್ತಿದ್ದಳು. ಆ ಹೊತ್ತಿಗೆ ಗುಡ್ಡದ ಕಾಲುದಾರಿಯಲ್ಲಿ ಕುರಿಗಾರನೊಬ್ಬ ಮೇಲೇರಿ ಬಂದನು. ಹೆಗಲ ಮೇಲೆ ಕರಿಯ ಕಂಬಳಿ, ತಲೆಯ ಮೇಲೆ ಒಂದು ಬಿದಿರಿನ ಬುಟ್ಟಿ. ಬುಟ್ಟಿಯೊಳಗಿನಿಂದ ಅಳು ಕೇಳುತ್ತಿತ್ತು.

ಆತನ ಹೆಸರು ಲಕ್ಕಪ್ಪ. ಹೆಂಡತಿ ಹೊಳೆವ್ವ ಚೊಚ್ಚಲ ಹೆರಿಗೆಯಲ್ಲಿ ತೀರಿಹೋಗಿ ಒಂದು ತಿಂಗಳಾಗಿತ್ತು. ಕೂಸು ಉಳಿದಿತ್ತು, ಹೆಣ್ಣುಕೂಸು. ಅವರ ಹಟ್ಟಿಯ ಬಾಣಂತಿಯೊಬ್ಬಳು ತನ್ನ ಕೂಸಿನ ಜೊತೆ ಇದಕ್ಕೂ ಮೊಲೆಯೂಡಿಸಿದಳು. ಈಗ ಆಕೆ ಗಂಡನ ಮನೆಗೆ ಹೊರಟುಹೋಗಿದ್ದಳು. ಕುರಿಗಳು ಮೇವು ಹುಡುಕಿಕೊಂಡು ಹೊಳೆಸಾಲಿನ ಎರೆಹೊಲಗಳಿಗೆ ಹೊರಡುವ ಕಾಲವೂ ಬಂದಿತ್ತು. ಒಮ್ಮೆ ಹೊರಟರೆ ಮುಂಗಾರಿನವರೆಗೆ ತಿರುಗಾಟ. ಇವತ್ತು ಒಂದು ಹೊಲ, ನಾಳೆ ಇನ್ನೊಂದು. ಹಟ್ಟಿಯ ಹಿರಿಯರು ಕೂಡಿ ಯೋಚಿಸಿ, ಗಂಡಸು ಕೂಸು ಸಾಕುವುದು ಆಗದ ಮಾತು, ಗುಡ್ಡದ ಅವ್ವಾರ ಮಠಕ್ಕೆ ಹಾಕಿ ಬಾ ಎಂದು ಹೇಳಿ ಕಳಿಸಿದ್ದರು. ಕೂಸನ್ನು ತೊಟ್ಟಿಲಿಗೆ ಹಾಕುವವರೆಗೆ ತಂದೆಯಾದವನು ಎತ್ತಿಕೊಳ್ಳುವ ರೂಢಿ ಅವರಲ್ಲಿ ಇರಲಿಲ್ಲ. ಸಾವಾದ ಮನೆಯಲ್ಲಿ ತೊಟ್ಟಿಲು ಕಟ್ಟುವ ಮನಸ್ಸು ಯಾರಿಗೂ ಆಗಲಿಲ್ಲ. ಹಾಗಾಗಿ ಲಕ್ಕಪ್ಪ ತನ್ನ ಮಗಳನ್ನು ಅಂದಿನವರೆಗೆ ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಬುಟ್ಟಿಯಲ್ಲಿ ಮಲಗಿಸಿ ತಲೆಯ ಮೇಲೆ ಹೊರಿಸಿದವರು ಬೇರೆಯವರು. ಈತ ಹೊತ್ತು ತಂದಿದ್ದನಷ್ಟೇ.

ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು ಲಕ್ಕಪ್ಪ ಎರಡು ಹೆಜ್ಜೆ ಹಿಂದೆ ಸರಿದು ಅಡ್ಡಬಿದ್ದನು. ಕೂಸಿಗೆ ಹೊದಿಸಿದ್ದು ಸತ್ತವಳ ಹಳೆಯ ಸೀರೆ. ಆತ ಆ ಕಡೆ ನೋಡದೆ ಮಾತನಾಡಿದನು.

"ಯವ್ವಾ, ಇದನ್ನ ನಿಮ್ಮ ಉಡಿಯಾಗ ಹಾಕತೇನ್ರಿ. ನಾ ಗಂಡಸ, ನನಗೇನ ತಿಳೀತೈತ್ರಿ? ನೀವು ಹೆಣ್ಣುಜೀವ. ದೇವರು ನಿಮಗ ಎಲ್ಲಾ ಕಲಿಸೇ ಕಳಿಸಿರತಾನ."

ಕೂಸು ಅಳುತ್ತಲೇ ಇತ್ತು. ಬಹಳ ಹೊತ್ತಿನಿಂದ ಅತ್ತು ಅದರ ದನಿ ಒಡೆದುಹೋಗಿತ್ತು. ಅಂತಹ ಅಳುವನ್ನು ಕೇಳಿ ಸುಮ್ಮನಿರುವುದು ಕಲ್ಲಿಗೂ ಕಷ್ಟ, ಅವರಂತೂ ತಾಯಿ. ತಾಯಿಯವರು ಜೋಳದ ಮೊರವನ್ನು ಬದಿಗಿಟ್ಟು ಬುಟ್ಟಿಯೊಳಗೆ ಎರಡೂ ಕೈ ಚಾಚಿ ಕೂಸನ್ನು ಎತ್ತಿದರು.

ಒಳಗಿನಿಂದ ಓಡಿ ಬಂದಿದ್ದ ಕಾಶವ್ವ ಬಾಗಿಲಲ್ಲೇ ನಿಂತುಬಿಟ್ಟಳು. ಅಷ್ಟು ವರ್ಷಗಳಲ್ಲಿ ತಾಯಿಯವರ ಕೈಯಲ್ಲಿ ಕೂಸನ್ನು ಕಂಡದ್ದು ಅದೇ ಮೊದಲು. ಆದರೆ ಅವರು ಹಿಡಿದ ರೀತಿ! ಪೂಜೆಯ ತಟ್ಟೆಯನ್ನು ಎತ್ತುವವರಂತೆ ಎರಡೂ ಅಂಗೈಯನ್ನು ಬೆನ್ನಿನ ಕೆಳಗಿಟ್ಟು ಎತ್ತಿದ್ದರು. ಕೂಸಿನ ತಲೆ ಹಿಂದಕ್ಕೆ ಜೋತುಬಿತ್ತು.

"ಕುತ್ತಿಗಿ! ಯವ್ವಾ, ಕುತ್ತಿಗಿ ಹಿಡೀರಿ!"

ಹಾಗೆ ಕೂಗಿದವನು ಲಕ್ಕಪ್ಪ. ಕೂಗುವುದಕ್ಕೆ ಮೊದಲೇ ಆತನ ಕೈ ಮುಂದೆ ಹೋಗಿ ಮಗಳ ತಲೆಯ ಕೆಳಗೆ ಸೇರಿಯಾಗಿತ್ತು. ಅಗಲವಾದ ಅಂಗೈ, ಬೆರಳು ತುಂಬ ಒಡಕು. ಆ ಅಂಗೈಯಲ್ಲಿ ಕೂಸಿನ ತಲೆ ಸರಿಯಾಗಿ ಕುಳಿತುಕೊಂಡಿತು. ತಾನೇನು ಮಾಡಿದೆನೆಂದು ಅರಿವಾಗಿ ಆತ ಕೈ ಹಿಂದೆಗೆಯಲು ನೋಡಿದ. ಹಿಂದೆಗೆದರೆ ತಲೆ ಮತ್ತೆ ಜೋಲುತ್ತದೆ. ಹಾಗಾಗಿ ಅಲ್ಲಿಯೇ ಹಿಡಿದು ನಿಂತ.

"ಕೊಡ್ರಿ ಅವ್ವಾರ, ನಾ ತಗೋತೇನಿ" ಎಂದು ಕಾಶವ್ವ ಮುಂದೆ ಬಂದಳು. ತಾಯಿಯವರು ಆಕೆಗೆ ನಿಲ್ಲುವಂತೆ ಕಣ್ಣಿನಲ್ಲೇ ಸೂಚಿಸಿದರು. ಆಮೇಲೆ ಕುರಿಗಾರನ ಮುಖವನ್ನು ನೋಡಿ ಹೇಳಿದರು:

"ನನಗ ಬರೂದಿಲ್ಲಪ್ಪಾ. ನೀನ ಕಲಿಸು."

ಲಕ್ಕಪ್ಪನಿಗೆ ತನ್ನ ಕಿವಿಯನ್ನು ನಂಬಲಾಗಲಿಲ್ಲ. "ನಿಮಗ... ಬರೂದಿಲ್ಲೇನ್ರಿ?"

"ಇಲ್ಲ. ಇವತ್ತಿನ ತನಕ ನಾ ಒಂದು ಕೂಸೂ ಎತ್ತಿಲ್ಲ. ಮಂದಿ ಅದನ್ನ ವೈರಾಗ್ಯ ಅಂದರು. ನನಗ ಹೆದರಿಕಿ ಇತ್ತು. ಎಲ್ಲಿ ಕೈಜಾರಿ ಬೀಳತಾವೋ ಅಂತ."

ಈ ಮಾತನ್ನು ನನಗೆ ಹೇಳುವಾಗ ಕಾಶವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಊರೂರೇ ತಮ್ಮ ವೈರಾಗ್ಯವನ್ನು ಕೊಂಡಾಡುತ್ತಿರುವಾಗ, ಅದು ಹೆದರಿಕೆಯಷ್ಟೇ ಎಂದು ಒಬ್ಬ ಕುರಿಗಾರನ ಮುಂದೆ ಒಪ್ಪಿಕೊಳ್ಳಲು ಎಂಥ ಮನಸ್ಸು ಬೇಕು! ನಿಜವಾದ ವೈರಾಗ್ಯ ಇದೇ ಎಂದು ನನ್ನ ಅಲ್ಪಬುದ್ಧಿಗೆ ತೋರುತ್ತದೆ.

"ಕುತ್ತಿಗಿ ಹಿಡೀಬೇಕು ಅಂತ ನಿನಗ ಹ್ಯಾಂಗ ತಿಳೀತು?" ಎಂದು ತಾಯಿಯವರು ಕೇಳಿದರು.

"ಮರೀನ ಹಂಗ ಹಿಡೀತೇವಲ್ರಿ. ಹುಟ್ಟಿದ ಮರಿಗೆ ಕುತ್ತಿಗಿ ನಿಂತಿರೂದಿಲ್ರಿ."

"ಹಂಗಾದರ ಹಿಡಿದು ತೋರಸು."

ದೊಡ್ಡವರು ಹೇಳಿದ ಮೇಲೆ ಇಲ್ಲವೆನ್ನುವುದುಂಟೇ? ಲಕ್ಕಪ್ಪ ಹೆಗಲ ಮೇಲಿನ ಕಂಬಳಿಯನ್ನು ತೆಗೆದು ಮಡಿಸಿ ಎದೆಗೆ ಅಡ್ಡಲಾಗಿ ಕಟ್ಟಿಕೊಂಡ. ಒಂದು ಕೈಯನ್ನು ಕುತ್ತಿಗೆಗೆ, ಒಂದು ಕೈಯನ್ನು ಕುಂಡೆಗೆ ಕೊಟ್ಟು ಮಗಳನ್ನು ತಾಯಿಯವರ ಕೈಯಿಂದ ತೆಗೆದುಕೊಂಡ. ಕಂಬಳಿಯ ಮಡಿಕೆಯಲ್ಲಿ ಎದೆಗೆ ಒತ್ತಿ ಇಟ್ಟುಕೊಂಡ. ಕಲಿಸುವವನಿಗೆ ನಾಚಿಕೆಗೆ ಬಿಡುವಿಲ್ಲ. "ಹಿಂಗ್ರಿ ಯವ್ವಾ. ಕಿವಿ ಎದೀ ಮ್ಯಾಲ ಬರಬೇಕ್ರಿ. ಒಳಗ ಬಡಿಯೂದು ಕೇಳಿದರ ಸುಮ್ಮಕ ಆಗತಾವ" ಎಂದು ಹೇಳುತ್ತ ಹೇಳುತ್ತ ಆತ ನಿಂತಲ್ಲೇ ಮೆಲ್ಲಗೆ ಓಲಾಡತೊಡಗಿದ. ಕೂಸು ಒಮ್ಮೆ ಬಿಕ್ಕಿ ಅಳು ನಿಲ್ಲಿಸಿತು.

ತಿಂಗಳಿಂದ ನೋಡದಿದ್ದ ಮುಖವನ್ನು ಲಕ್ಕಪ್ಪ ಈಗ ಬಗ್ಗಿ ನೋಡಿದ. "ಗಲ್ಲ ಅಕೀದ ಐತ್ರಿ" ಎಂದ. ಕಣ್ಣೀರು ತಾನಾಗಿ ಇಳಿಯಿತು. ಎರಡೂ ಕೈ ಮಗಳಿಗೆ ಕೊಟ್ಟಿದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

ತಾಯಿಯವರು ಹಾಲು ತರಲು ಹೇಳಿದರು. ಕಾಶವ್ವ ಮಠದ ಆಡಿನ ಹಾಲಿಗೆ ನೀರು ಬೆರೆಸಿ ಕಾಯಿಸಿ ತಂದಳು. ಲಕ್ಕಪ್ಪ ಒಂದು ಹನಿಯನ್ನು ತನ್ನ ತುಟಿಗೆ ತಾಗಿಸಿ ನೋಡಿ, "ಇನ್ನ ಸ್ವಲ್ಪ ಆರಲಿ" ಎಂದ. ಆರಿದ ಮೇಲೆ ಮೆತ್ತನೆಯ ಬಟ್ಟೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಕೂಸಿನ ತುಟಿಗೆ ಸವರಿದ. ತಬ್ಬಲಿ ಮರಿಗಳಿಗೆ ಹಾಲು ಕುಡಿಸುವುದು ಹೀಗೆಯೇ ಅಂತೆ. ಕೂಸು ಚೀಪತೊಡಗಿತು. ತನಗಿಂತ ಚೆನ್ನಾಗಿ ಒಬ್ಬ ಗಂಡಸು ಈ ಕೆಲಸ ಮಾಡುವುದನ್ನು ಕಾಶವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು. ಆಕೆಗೆ ಅದು ಅಷ್ಟಾಗಿ ಹಿಡಿಸಲಿಲ್ಲವೆಂದು ಆಕೆಯೇ ಒಪ್ಪಿಕೊಂಡಿದ್ದಾಳೆ.

"ಕಾಶವ್ವಾ, ಕೂಸು ಹಿಡಿಯೂದು ನಿನಗ ಯಾರು ಕಲಿಸಿದರು?" ಎಂದು ತಾಯಿಯವರು ಕೇಳಿದರು.

"ಯಾರು ಕಲಿಸತಾರ್ರಿ? ಹೆಣ್ಣಾಗಿ ಹುಟ್ಟಿದ ಮ್ಯಾಲ ತಾನ ಬರತೈತಿ."

"ನಾನೂ ಹೆಣ್ಣ ಅಲ್ಲೇನವಾ?"

ಕಾಶವ್ವ ಸೊಂಟದ ಮೇಲಿನ ಕೈ ಇಳಿಸಿ ಹೇಳಿದಳು. "ನಮ್ಮವ್ವ ಸಣ್ಣ ತಮ್ಮನ್ನ ನನ್ನ ಟೊಂಕಕ್ಕ ಕಟ್ಟಿ ಹೊಲಕ್ಕ ಹೋಗತಿದ್ದಳ್ರಿ. ಆಗ ನನ್ನ ಹಾಲುಹಲ್ಲ ಬಿದ್ದಿರಲಿಲ್ಲ. ಒಮ್ಮೆ ಅವನ್ನ ಕೆಡವಿ ಸಾಕಷ್ಟು ಹೊಡತ ತಿಂದೇನಿ."

"ನಿನಗ ಅಣ್ಣ ಇದ್ದನಲ್ಲ, ಅವ ಏನ ಮಾಡತಿದ್ದ?"

"ಅವ ಬುಗುರಿ ಆಡತಿದ್ದ."

ಹೇಳಿದ ಮೇಲೆ ಕಾಶವ್ವನಿಗೇ ನಗು ಬಂತು. ಲಕ್ಕಪ್ಪನೂ ನಕ್ಕ. ಹೆಂಡತಿ ಹೋದ ಮೇಲೆ ಆತ ನಕ್ಕದ್ದು ಅಂದೇ ಮೊದಲಿರಬೇಕು. ನಗುವಿನ ನಡುವೆ ಆತನಿಗೆ ಏನೋ ನೆನಪಾಯಿತು. "ಚೊಚ್ಚಲ ಈದ ಕುರಿ ಒಮ್ಮೊಮ್ಮೆ ತನ್ನ ಮರೀನ ಒದ್ದುಬಿಡತೈತ್ರಿ ಯವ್ವಾ. ಕೆಚ್ಚಲ ತುಂಬ ಹಾಲ ಇರತಾವ, ಆದರ ಮರೀನ ಹತ್ತರ ಕರಕೊಳ್ಳಾಕ ಅದಕ್ಕ ತಿಳಿಯೂದಿಲ್ಲ. ನಾವ ಕುರೀನ ಹಿಡಿದು ನಿಂತು, ಮೈ ಸವರಿ, ಮರೀನ ಕೆಚ್ಚಲಿಗೆ ಹಚ್ಚಿ ರೂಢಿ ಮಾಡಸತೇವಿ. ಆಮ್ಯಾಲ ತಾನ ಕರೀತೈತ್ರಿ."

ಆಗ ತಾಯಿಯವರು ಆಡಿದ ಮಾತನ್ನು ಕೆಂಚನಗುಡ್ಡದ ಭಕ್ತರು ಇಂದಿಗೂ ಮಂತ್ರದಂತೆ ನೆನೆಯುತ್ತಾರೆ.

"ಹೊರೂದು, ಹಡಿಯೂದು, ಎದಿಹಾಲು ಕೊಡೂದು, ಇಷ್ಟನ್ನ ದೇವರು ಹೆಣ್ಣಿನ ಮೈಯಾಗ ಇಟ್ಟಾನ. ಅದಕ್ಕ ನಿಮ್ಮ ಹೊಳೆವ್ವ ಜೀವಾನ ಕೊಟ್ಟಳು. ಉಳಿದದ್ದೆಲ್ಲಾ ನಾವು ನಾವ ಹಂಚಿಕೊಂಡದ್ದು ಲಕ್ಕಪ್ಪಾ. ಹಾಲು ನನಗೂ ಇಲ್ಲ, ನಿನಗೂ ಇಲ್ಲ. ಆದರ ನಿನಗ ಹಿಡಿಯಾಕ ಬರತೈತಿ."

ಲಕ್ಕಪ್ಪ ತಲೆ ತಗ್ಗಿಸಿ ನಿಂತ. ಬಿಟ್ಟುಹೋಗಲೆಂದು ತಂದ ಕೂಸು ಈಗ ಎದೆಗೆ ಹತ್ತಿ ನಿದ್ದೆ ಹೋಗಿತ್ತು. ಬಿಟ್ಟು ಹೋದರೆ ಹಟ್ಟಿಯಲ್ಲಿ ಒಬ್ಬರೂ ಏನೂ ಅನ್ನುವುದಿಲ್ಲ. ಎತ್ತಿಕೊಂಡು ಹೋದರೆ ಎಲ್ಲರೂ ಅನ್ನುತ್ತಾರೆ. ಅದು ಆತನಿಗೆ ತಿಳಿಯದ್ದೇನಲ್ಲ.

ಅಷ್ಟರಲ್ಲಿ ದಾರಿಯಲ್ಲಿ ಕೆಮ್ಮಿದ ಸದ್ದಾಯಿತು. ಹಟ್ಟಿಯ ಹಿರಿಯ ಮುದುಕಪ್ಪ, ಲಕ್ಕಪ್ಪನ ಕಾಕಾ, ಇವನೇಕೆ ಇನ್ನೂ ಬರಲಿಲ್ಲವೆಂದು ಹುಡುಕಿಕೊಂಡು ಬಂದಿದ್ದ. ಅಡ್ಡಬಿದ್ದು ಎದ್ದವನಿಗೆ ಲಕ್ಕಪ್ಪನ ಎದೆಯ ಮೇಲಿನ ಗಂಟು ಕಂಡಿತು.

"ಏನೋ ಇದು? ಕೂಸನ್ನ ಅವ್ವಾರಿಗೆ ಒಪ್ಪಿಸಿ ಬಾ ಅಂದರ ನೀನ ಕಟಗೊಂಡು ನಿಂತೀಯಲ್ಲ? ಗಂಡಸಾಗಿ ಕೂಸು ಹೊತಗೊಂಡು ಊರೂರು ತಿರುಗತಿ ಏನು? ಮಂದಿ ನಗೂದಿಲ್ಲೇನು?"

ತಾಯಿಯವರು ಮುದುಕಪ್ಪನ ಕಂಬಳಿಯ ಕಡೆ ನೋಡಿದರು. ಅವರು ನೋಡಿದರೆಂದು ಕಾಶವ್ವ ನೋಡಿದಳು, ಲಕ್ಕಪ್ಪ ನೋಡಿದ. ಕೊನೆಗೆ ಮುದುಕಪ್ಪನೂ ಬಗ್ಗಿ ತನ್ನ ಎದೆಯನ್ನು ನೋಡಿಕೊಂಡ. ಅದು ಕುರಿಗಳು ಈಯುವ ಕಾಲ. ಆತನ ಕಂಬಳಿಯ ಮಡಿಕೆಯಿಂದ ಅಂದೇ ಹುಟ್ಟಿದ ಮರಿಯೊಂದು ಮೂತಿ ಹೊರಗೆ ಹಾಕಿತ್ತು. ಮಾತಿನ ಭರದಲ್ಲಿಯೂ ಆ ಮುದುಕನ ಕೈ ಅದರ ಕುತ್ತಿಗೆಯ ಕೆಳಗೇ ಇತ್ತು. ಮರಿ ಒಮ್ಮೆ ಅರಚಿತು.

ಕಾಶವ್ವ ನಗು ತಡೆಯಲಾರದೆ ಒಳಗೆ ಓಡಿದಳಂತೆ. ಮುದುಕಪ್ಪ, "ಇದು ಬ್ಯಾರೆ, ಅದು ಬ್ಯಾರೆ" ಎಂದು ಗೊಣಗಿದ. ಹೇಗೆ ಬೇರೆ ಎಂದು ಹೇಳಲು ಹೊರಟು ಅರ್ಧಕ್ಕೆ ನಿಲ್ಲಿಸಿದ.

"ಮಗಳ ಹೆಸರೇನಪ್ಪಾ?" ಎಂದು ತಾಯಿಯವರು ಲಕ್ಕಪ್ಪನನ್ನು ಕೇಳಿದರು.

"ಇನ್ನಾ ಇಟ್ಟಿಲ್ರಿ" ಎಂದ ಆತ. ಆಮೇಲೆ ಕಾಕನ ಕಡೆ ತಿರುಗಿ ಹೇಳಿದ. "ಕಾಕಾ, ನೀನು ನಗು, ಮಂದೀನೂ ನಗಲಿ. ನಾ ಹೊಳೆವ್ವನ್ನ ಇಲ್ಲಿ ಬಿಟ್ಟು ಬರೂದಿಲ್ಲ."

ಹೀಗೆ ಆ ಕೂಸಿಗೆ ಅವ್ವನ ಹೆಸರಾಯಿತು. ಮುದುಕಪ್ಪ ತನ್ನ ಮರಿಯನ್ನು ಕಂಬಳಿಯೊಳಗೆ ಸರಿಸಿಕೊಳ್ಳುತ್ತ, "ನಮ್ಮ ಹಿಂಡಿನಾಗ ಆಡು ಅದಾವ, ಹಾಲಿಗೆ ಕೊರತಿ ಇಲ್ಲ ಬಿಡು" ಎಂದ. ಹಿರಿಯರ ಬಾಯಲ್ಲಿ ಒಪ್ಪಿಗೆ ಬರುವುದು ಹೀಗೆಯೇ. ಕಾಶವ್ವ ತನ್ನ ಮಕ್ಕಳಿಗೆ ಹಾಲು ಕುಡಿಸಿದ್ದ ಹಿತ್ತಾಳೆಯ ಒಳಲೆಯನ್ನು ತಂದು ಲಕ್ಕಪ್ಪನ ಕೈಗಿಟ್ಟಳು. ಹೊರಡುವ ಮುನ್ನ ತಾಯಿಯವರು, "ನಿಲ್ಲಪ್ಪಾ, ನನ್ನ ಪಾಠ ಮುಗಿದಿಲ್ಲ" ಎಂದು ಕೈಚಾಚಿದರು. ಲಕ್ಕಪ್ಪ ಮಗಳನ್ನು ಅವರ ಕೈಯಲ್ಲಿಟ್ಟು, ಮೊಣಕೈಯನ್ನು ತುಸು ಎತ್ತಿಸಿ, ತಲೆಯನ್ನು ಎದೆಗೆ ಒರಗಿಸಿ ಕೊಟ್ಟ. ತಾಯಿಯವರು ಉಸಿರು ಬಿಗಿಹಿಡಿದು ಕೂಸನ್ನು ಹಿಡಿದು ನಿಂತರು. ಆಗ ಅವರ ಮುಖದ ಮೇಲಿದ್ದ ಬೆಳಕನ್ನು ತಾನು ಪೂಜೆಯ ಹೊತ್ತಿನಲ್ಲಿಯೂ ಕಂಡಿರಲಿಲ್ಲವೆಂದು ಕಾಶವ್ವ ಹೇಳುತ್ತಾಳೆ.

ಅಂದಿನಿಂದ ಮಠಕ್ಕೆ ಬಂದ ಯಾವ ಕೂಸನ್ನೂ ತಾಯಿಯವರು ನೆಲದ ಮೇಲೆ ಮಲಗಿಸಗೊಡಲಿಲ್ಲ. ಆದರೆ ಒಂದು ಕಟ್ಟಳೆ ಮಾಡಿದರು. ಕೂಸನ್ನು ತಂದು ತಮ್ಮ ಕೈಗೆ ಕೊಡಬೇಕಾದವನು ತಂದೆ. ಮೊದಮೊದಲು ಗಂಡಸರು ಹಿಂದೆ ಹಿಂದೆ ಸರಿಯುತ್ತಿದ್ದರು. ಕೈಜಾರೀತೆಂದು ಹೆದರುತ್ತ, ಹೆಂಡಂದಿರ ಮುಖ ನೋಡುತ್ತ ತರುತ್ತಿದ್ದರು. "ನನಗೂ ಹಂಗ ಆಗತಿತ್ತಪ್ಪಾ, ಕುತ್ತಿಗಿ ಹಿಡಿ" ಎಂದು ತಾಯಿಯವರು ಪ್ರತಿಯೊಬ್ಬನಿಗೂ ಹೇಳಿಕೊಡುತ್ತಿದ್ದರು.

ಎರಡನೆಯ ವರ್ಷ ಮುಂಗಾರಿಗೆ ಮುಂಚೆ ಕುರಿಗಳು ಹಿಂದಿರುಗಿದಾಗ ಲಕ್ಕಪ್ಪ ಮಠಕ್ಕೆ ಬಂದನು. ಅಂದು ಸೋಮವಾರ, ಕಟ್ಟೆಯ ಸುತ್ತ ಭಕ್ತರು ತುಂಬಿದ್ದರು. ಮುದುಕಪ್ಪನೂ ಜೊತೆಗೆ ಬಂದಿದ್ದ. ಹೊಳೆವ್ವ ತಂದೆಯ ಹೆಗಲ ಮೇಲೆ ಕುಳಿತಿದ್ದಳು, ಎಣ್ಣೆ ಹಚ್ಚಿ ಬಾಚಿದ ತಲೆ, ಕಣ್ಣಿಗೆ ಕಾಡಿಗೆ, ಕಾಲಲ್ಲಿ ಗೆಜ್ಜೆ. ತಾಯಿಯವರು ಕೈಚಾಚಿ ಆಕೆಯನ್ನು ಎತ್ತಿಕೊಂಡು ಮಡಿಲಲ್ಲಿ ಕೂರಿಸಿಕೊಂಡರು. ಸ್ವಲ್ಪ ಹೊತ್ತು ರುದ್ರಾಕ್ಷಿಯೊಂದಿಗೆ ಆಡಿದ ಹೊಳೆವ್ವನಿಗೆ ಬೇಸರವಾಗಿರಬೇಕು. ತಂದೆಯ ಕಡೆಗೆ ಎರಡೂ ಕೈ ಚಾಚಿ, "ಅವ್ವಾ" ಎಂದು ಕರೆದಳು.

ಕಟ್ಟೆಯ ಸುತ್ತ ಇದ್ದವರೆಲ್ಲ ನಕ್ಕುಬಿಟ್ಟರು. ಲಕ್ಕಪ್ಪನ ಮುಖ ಕೆಂಪಾಯಿತು. "ಎಷ್ಟ ತಿದ್ದಿದರೂ ಹಂಗ ಅಂತಾಳ್ರಿ ಯವ್ವಾ. ಅಪ್ಪಾ ಅನ್ನು ಅಂತ ದಿನಾ ಹೇಳತೇನ್ರಿ" ಎಂದು ನೆಲ ನೋಡುತ್ತ ಹೇಳಿದ.

"ಯಾಕ ತಿದ್ದತಿ? ಅಕಿ ತಪ್ಪ ಎಲ್ಲಿ ಅಂದಳು?" ಎಂದರು ತಾಯಿಯವರು.

ನಗು ಅಲ್ಲಿಗೇ ನಿಂತಿತು. ಮುದುಕಪ್ಪ ಮುಂಡಾಸವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ಕೂಸು ಕೈ ಚಾಚಿಯೇ ಇತ್ತು. "ಅವ್ವಾ" ಎಂದು ಮತ್ತೊಮ್ಮೆ ಕರೆಯಿತು.

ಲಕ್ಕಪ್ಪ ತಲೆ ಎತ್ತಿದನು. ಮಂದಿಯ ನಡುವೆ ಹಾದು ಬಂದು, ಎಲ್ಲರಿಗೂ ಕೇಳುವಂತೆ, "ಏನವ್ವಾ, ಬಂದೆ" ಎಂದು ಓಗೊಟ್ಟು ಮಗಳನ್ನು ಎತ್ತಿಕೊಂಡನು.